ಪದಚರ್ಚೆ: ‘ನಾಸ್ಟಾಲ್ಜಿಕ್ ಮೀಮ್’ಗೆ ಕನ್ನಡದಲ್ಲಿ ಏನನ್ನೋಣ? (ನಾಳೆ ಫ್ಲೆಕ್ಸ್ ಪ್ರಿಂಟಿಗೆ ಹೋಗುತ್ತದೆ)

ಮೈಸೂರಿನಿಂದ, ಪ್ರಶ್ನೆ:

ಎಲ್ಲರಿಗೂ ನಮಸ್ಕಾರ. ಒಂದು ಹೈಸ್ಕೂಲಿನಲ್ಲಿ ಹಳೆಯ ಟೀವಿ ಜಾಹೀರಾತುಗಳ ಪ್ರದರ್ಶನ ಇದೆ. ಫಲಕಗಳ ಕನ್ನಡ ನನ್ನ ಪಾಲಿಗೆ ಬಂದಿದೆ. ನಿರ್ಮಾ ಫಲಕದ ತಲೆಬರಹ ಒಂದೇ ಬಾಕಿ. 1969ರಲ್ಲಿ ಅಹಮದಾಬಾದಿನಲ್ಲಿ ಕರ್ಸನ್‌ಭಾಯಿ ಪಟೇಲ್ ಶುರು ಮಾಡಿದ ಬಟ್ಟೆ ಒಗೆಯುವ ಪುಡಿ, ಮಗಳು ನಿರುಪಮಾಳಿಂದ ಬಂದ ಹೆಸರು, ಬಿಳಿ ಫ್ರಾಕಿನಲ್ಲಿ ಗಿರ್ರನೆ ತಿರುಗುವ ಹುಡುಗಿ, ಟೀವಿ ಇದ್ದ ಮನೆಯ ಮಕ್ಕಳಿಗೆಲ್ಲ ಬಾಯಿಪಾಠ ಆಗಿದ್ದ ಹಾಡು, ಇಷ್ಟೆಲ್ಲ ಬರೆದಾಗಿದೆ. ಆ ಹಾಡು ಈಗ ‘ನಾಸ್ಟಾಲ್ಜಿಕ್ ಮೀಮ್’ ಆಗಿದೆ ಅಂತ ಕೊನೆಗೆ ಬರುತ್ತದೆ. ಅಲ್ಲೇ ಸಿಕ್ಕಿಕೊಂಡಿದ್ದೇನೆ. ‘ಗತಕಾತರತೆ’ ಅಂತ ಹಾಕಿದರೆ ಎಂಟನೇ ಕ್ಲಾಸಿನ ಮಕ್ಕಳು ತಿರುಗಿಯೂ ನೋಡುವುದಿಲ್ಲ. ಚಿಕ್ಕ ಪದ ಬೇಕು. ಬೆಳಿಗ್ಗೆ ಹತ್ತರೊಳಗೆ ದಯವಿಟ್ಟು ತಿಳಿಸಿ.

ಶಿವಮೊಗ್ಗದಿಂದ:

ಇದರಲ್ಲಿ ಚರ್ಚೆಗೆ ಏನಿದೆ? ‘ಹಳಹಳಿಕೆ’. ‘ಹಳ’ ಎಂದರೆ ಹಳೆಯದು, ‘ಹಳಗನ್ನಡ’ದಲ್ಲಿ ಇರುವ ಹಾಗೆ. ಅದೇ ಎರಡು ಸಲ ಬಂದಿದೆ. ಹಳೆಯದಕ್ಕೆ ಮನಸ್ಸು ಎಳೆಯುವುದು ಅಂತ ಅರ್ಥ. ಅಚ್ಚಗನ್ನಡ. ಮೀಮಿಗೆ ‘ಅಣಕ’ ಹಾಕಿ. ಮುಗಿಯಿತು.

ಧಾರವಾಡದಿಂದ:

ಎರಡೂ ತಪ್ಪು.

‘ಹಳೆ’ಯ ಮೂಲ ‘ಪೞ’. ಅಲ್ಲಿರುವುದು ೞಕಾರ, ಈಗ ಬಳಕೆ ತಪ್ಪಿದ ಹಳಗನ್ನಡದ ಅಕ್ಷರ. ‘ಹಳಹಳಿಸು’ ಅದರಿಂದಲೇ ಬಂದಿದ್ದರೆ ಹಳಗನ್ನಡದಲ್ಲಿ ‘ಪೞಪೞಿಸು’ ಸಿಗಬೇಕಿತ್ತು. ಎಲ್ಲಿದೆ, ತೋರಿಸಿ. ಇದು ‘ಚಡಪಡಿಸು’, ‘ತಳಮಳಿಸು’ ಸಾಲಿನ ಮಾತು. ಮರಾಠಿಯಲ್ಲೂ ‘ಹಳಹಳ’ ಇದೆ, ಅರ್ಥವೂ ಇದೇ. ಆದರೆ ಹಳೆಯದಕ್ಕೆ ಅವರು ‘ಜುನಾ’ ಅನ್ನುತ್ತಾರೆ.

ವ್ಯುತ್ಪತ್ತಿ ಬಿಡಿ, ಅರ್ಥವೇ ಕೂರುವುದಿಲ್ಲ. ನಮ್ಮ ಕಡೆ ಹಳಹಳಿಸುವುದು ಕೈತಪ್ಪಿ ಹೋದದ್ದಕ್ಕೆ. ಬೆಳೆ ಹಾಳಾದರೆ, ಒಳ್ಳೆ ಸಂಬಂಧ ತಪ್ಪಿದರೆ ಹಳಹಳಿಸುತ್ತಾರೆ. ನಿರ್ಮಾ ಹಾಡಿಗೆ ಯಾರಾದರೂ ಹಳಹಳಿಸುತ್ತಾರಾ? ಮೊಬೈಲಿಗೆ ಬರುವ ಚಿತ್ರವನ್ನೇ ನೋಡಿ. ಮಾಸಲು ಬಣ್ಣ, ಆ ಹುಡುಗಿ, ಮೇಲೆ ಹಾಡಿನ ಮೊದಲ ಪದಗಳು. ಕೆಳಗೆ ‘ನೀವು ಇದನ್ನು ಓದಲಿಲ್ಲ, ಹಾಡಿದಿರಿ’ ಅಂತ ಬರಹ. ತಮ್ಮ ಅದನ್ನು ಅಕ್ಕನಿಗೆ ಕಳಿಸುತ್ತಾನೆ. ಅಕ್ಕ ‘ಹೇಮಾ, ರೇಖಾ, ಜಯಾ, ಸುಷ್ಮಾ’ ಅಂತ ಬರೆದು ವಾಪಸ್ ಕಳಿಸುತ್ತಾಳೆ. ಇಬ್ಬರೂ ನಗುತ್ತಾರೆ. ಒಂದೇ ಟೀವಿ ಮುಂದೆ ಕೂತು ಬೆಳೆದವರು ನಾವು ಅನ್ನುವ ಖುಷಿ ಅದು. ಅಲ್ಲಿ ನೋವು ಎಲ್ಲಿದೆ?

ನಾಸ್ಟಾಲ್ಜಿಯಾದಲ್ಲಿ ಒಂದು ಕಾಲಕ್ಕೆ ನೋವು ಇತ್ತು, ನಿಜ. 1688ರಲ್ಲಿ ಬಾಸೆಲ್‌ನಲ್ಲಿ ವೈದ್ಯಕೀಯ ಓದುತ್ತಿದ್ದ ಯೋಹಾನೆಸ್ ಹೋಫರ್ ಗ್ರೀಕಿನ ‘ಮನೆಗೆ ಮರಳುವುದು’, ‘ನೋವು’ ಎರಡನ್ನೂ ಸೇರಿಸಿ ಆ ಪದ ಕಟ್ಟಿದ. ಊರು ಬಿಟ್ಟು ಬಂದ ಸ್ವಿಸ್ ಜನರಿಗೆ ತಗಲುವ ಕಾಯಿಲೆಯ ಹೆಸರು ಅದು. ಈಗ ಇಂಗ್ಲಿಷಿನಲ್ಲೇ ಆ ನೋವು ಸವೆದುಹೋಗಿದೆ. ಸವೆದ ಪದಕ್ಕೆ ಇನ್ನೂ ಹಸಿಯಾಗಿರುವ ನಮ್ಮ ‘ಹಳಹಳಿಕೆ’ಯನ್ನು ಯಾಕೆ ಕೊಡಬೇಕು? ‘ಸವಿನೆನಪು’ ಸಾಕು.

‘ಅಣಕ’ದಲ್ಲಿ ಗೇಲಿ ಇರಲೇಬೇಕು. 2023ರಲ್ಲಿ ಹೈದರಾಬಾದಿನಲ್ಲಿ ನಿರ್ಮಾ ಹುಡುಗಿಯ ಚಿತ್ರಕ್ಕೆ ರಾಜಕಾರಣಿಗಳ ಮುಖ ಅಂಟಿಸಿ ಹೋರ್ಡಿಂಗ್ ಹಾಕಿದ್ದರಲ್ಲ, ಅದು ಅಣಕ. ಅಕ್ಕ ತಮ್ಮಂದಿರ ಚಿತ್ರ ಅಣಕ ಅಲ್ಲ. ‘ಮೀಮ್’ ಪದವನ್ನು ಜೀವವಿಜ್ಞಾನಿ ರಿಚರ್ಡ್ ಡಾಕಿನ್ಸ್ ಗ್ರೀಕಿನ ‘ಅನುಕರಿಸಿದ್ದು’ ಅನ್ನುವುದರಿಂದ 1976ರಲ್ಲಿ ಕಟ್ಟಿದರು. ದೂರದರ್ಶನದಲ್ಲಿ ಜಾಹೀರಾತು ಶುರುವಾದದ್ದೂ ಅದೇ ವರ್ಷ. ಒಬ್ಬರ ಬಾಯಿಂದ ಇನ್ನೊಬ್ಬರ ಬಾಯಿಗೆ ದಾಟುವ ರಾಗವನ್ನೂ ಡಾಕಿನ್ಸ್ ಮೀಮಿಗೆ ಉದಾಹರಣೆಯಾಗಿ ಕೊಟ್ಟಿದ್ದರು. ನಿರ್ಮಾ ಹಾಡು ಮೊಬೈಲಿಗೆ ಮುಂಚೆಯೇ ಮೀಮ್ ಆಗಿತ್ತು ಅಲ್ವಾ? ಆ ಪದ ಹಾಗೇ ಇರಲಿ. ಮಕ್ಕಳಿಗೆ ಅದು ನಮಗಿಂತ ಚೆನ್ನಾಗಿ ಗೊತ್ತು.

ಶಿವಮೊಗ್ಗದಿಂದ:

ಮರಾಠಿಯವರು ‘ಹಳಹಳ’ವನ್ನು ನಮ್ಮಿಂದಲೇ ತೆಗೆದುಕೊಂಡಿರಬಹುದು. ಕನ್ನಡ ಯಾವಾಗಲೂ ಸಾಲ ಮಾಡಿದ್ದೇ ಅನ್ನುವ ಚಾಳಿ ಬಿಡಿ, ಸರ್. ಮತ್ತೆ ಅರ್ಥ ಬೆಳೆಯುತ್ತದೆ. ಈಗ ಪತ್ರಿಕೆಗಳಲ್ಲಿ ‘ಹಳಹಳಿಕೆ’ಯನ್ನು ನಾಸ್ಟಾಲ್ಜಿಯಾಕ್ಕೇ ಬಳಸುತ್ತಾರೆ. ಓದುವವರಿಗೆ ತಿಳಿಯುತ್ತದೆ.

ಬೆಂಗಳೂರಿನಿಂದ:

ನೆನಪಿನ ಬಗ್ಗೆ ಇಷ್ಟು ಜಗಳ, ‘ಜಾಹೀರಾತು’ ಮಾತ್ರ ಯಾರ ಕಣ್ಣಿಗೂ ಬೀಳಲಿಲ್ಲ. ಅದು ಅರಬ್ಬಿಯ ‘ಜಾಹಿರ್’. ‘ಬಯಲರಿಕೆ’ ಅಂತ ಒಳ್ಳೆ ಪದ ಇದೆ. ‘ಬಯಲರಿಕೆ ಹಾಡು’ ಅಂತ ಹಾಕಿ. ಮಕ್ಕಳು ಕಲಿಯಬೇಕಾದದ್ದು ಇಂಥದ್ದನ್ನು.

ಮಂಗಳೂರಿನಿಂದ:

ಹಾಗಾದರೆ ‘ಸಾಬೂನು’ ತೆಗೆದು ಏನು ಹಾಕುತ್ತೀರಿ? ಅದೂ ಹೊರಗಿನದೇ. ‘ಜಾಹೀರಾತು’ ಅಂದರೆ ನಮ್ಮ ಬೀಡಿ ಕಟ್ಟುವ ಅಮ್ಮನಿಗೂ ಅರ್ಥ ಆಗುತ್ತದೆ. ‘ಬಯಲರಿಕೆ’ಯನ್ನು ಫಲಕದ ಕೆಳಗೆ ಇನ್ನೊಂದು ಫಲಕ ಹಾಕಿ ಬಿಡಿಸಿ ಹೇಳಬೇಕು. ಕಟ್ಟಿದ ಪದ ಬೇಡ ಅನ್ನುತ್ತಿಲ್ಲ. ಜನ ದಿನಾ ಆಡುವ ಪದವನ್ನು ಹೊರಗೆ ಹಾಕಿ ಕಟ್ಟಬೇಡಿ ಅಷ್ಟೇ.

ಬೆಂಗಳೂರಿನಿಂದ:

ಬಳಸದೇ ಇದ್ದರೆ ಯಾವ ಪದವೂ ಅರ್ಥ ಆಗುವುದಿಲ್ಲ. ಯಾರಾದರೂ ಮೊದಲು ಬರೆಯಬೇಕು. ಇದನ್ನು ಎಷ್ಟು ಸಲ ಹೇಳುವುದು?

ಮೈಸೂರಿನಿಂದ:

ಎಲ್ಲರಿಗೂ ಧನ್ಯವಾದ. ‘ಅಂದಿನ ಜಾಹೀರಾತು ಹಾಡು, ಇಂದಿನ ಸವಿನೆನಪಿನ ಮೀಮ್’ ಅಂತ ಕಳಿಸುತ್ತಿದ್ದೇನೆ. ಶಿವಮೊಗ್ಗದ ಸರ್, ಹಳಹಳಿಕೆ ಬಿಟ್ಟದ್ದು ವ್ಯುತ್ಪತ್ತಿಗಾಗಿ ಅಲ್ಲ. ಆ ಫಲಕದ ಮುಂದೆ ಅಪ್ಪ ಅಮ್ಮ ಮಕ್ಕಳಿಗೆ ಹಾಡಿ ತೋರಿಸಲಿ ಅಂತ ಶಾಲೆಯವರ ಆಸೆ. ಅದಕ್ಕೆ ಸವಿನೆನಪೇ ಹೊಂದುತ್ತದೆ. ಬಯಲರಿಕೆ ಬಗ್ಗೆ ಬೇರೆ ಓಲೆಯಲ್ಲಿ ಮುಂದುವರಿಸಿ, ನಾನೂ ಓದುತ್ತೇನೆ.