ಸಹಾಯ ಬೇಕು: ಬೋಟ್ಸ್ವಾನಾದ ಸಣ್ಣ ವಿಮಾನದಲ್ಲಿ ಕ್ಯಾಮೆರಾ ಒಯ್ಯುವುದು ಹೇಗೆ?

ಎಲ್ಲರಿಗೂ ನಮಸ್ಕಾರ. ಜುಲೈನಲ್ಲಿ ನಾನು, ನಮ್ಮ ಯಜಮಾನ್ರು ಬೋಟ್ಸ್ವಾನಾ ಸಫಾರಿಗೆ ಹೊರಟಿದ್ದೇವೆ. ಆಗ ಅಲ್ಲಿ ಮಳೆ ಇರುವುದಿಲ್ಲ, ಆದರೆ ಅಂಗೋಲಾ ಕಡೆಯಿಂದ ಇಳಿದು ಬಂದ ನೀರಿನಿಂದ ಒಕವಾಂಗೊ ಡೆಲ್ಟಾ ತುಂಬಿರುತ್ತದೆ. ಜೊಹಾನ್ಸ್‌ಬರ್ಗ್‌ನಿಂದ ಮಾವುನ್, ಅಲ್ಲಿಂದ ಸಣ್ಣ ಸೆಸ್ನಾ ವಿಮಾನದಲ್ಲಿ ಮೊರೆಮಿ, ಆಮೇಲೆ ಚೋಬೆ, ಕೊನೆಗೆ ಕಸಾನೆಯಿಂದ ವಾಪಸ್.

ತೊಂದರೆ ಲಗೇಜಿನದು. ಒಬ್ಬರಿಗೆ 20 ಕೆಜಿ, ಕ್ಯಾಮೆರಾ, ಕೈಚೀಲ ಎಲ್ಲಾ ಸೇರಿ. ಅದೂ ಚಕ್ರ, ಫ್ರೇಮ್ ಇಲ್ಲದ ಮೆತ್ತನೆ ಬ್ಯಾಗೇ ಆಗಬೇಕು. ಇಷ್ಟು ದುಡ್ಡು ಸುರಿದು ಎರಡು ಜೊತೆ ಬಟ್ಟೆಯಲ್ಲಿ ಓಡಾಡಬೇಕು, ಇರಲಿ ಬಿಡಿ! ಯಜಮಾನ್ರ 600 ಎಂಎಂ ಲೆನ್ಸ್ ಮಾತ್ರ ಗಟ್ಟಿ ಪೆಟ್ಟಿಗೆಯಲ್ಲೇ ಇರುವುದು. ಪೆಟ್ಟಿಗೆಯನ್ನು ಮಾವುನ್‌ನಲ್ಲಿ ಬಿಡೋಣ ಅಂದರೆ ನಾವು ಆ ಊರಿಗೆ ವಾಪಸ್ ಹೋಗುವುದೇ ಇಲ್ಲ. ಏಜೆಂಟರನ್ನು ಕೇಳಿದರೆ ಲಗೇಜಿಗೆ ಅಂತಲೇ ಇನ್ನೊಂದು ಸೀಟ್ ತಗೊಳ್ಳಿ ಅಂತಾರೆ, ಅದರ ರೇಟ್ ಕೇಳಿ ಸುಮ್ಮನಾದೆವು. ಕ್ಯಾಂಪಿನಲ್ಲಿ ಬಟ್ಟೆ ಒಗೆದು ಕೊಡುತ್ತಾರಂತೆ, ಹಾಗಾಗಿ ತೂಕ ಹೇಗೋ ಹೊಂದಿಸಬಹುದು.

ಇಂಥ ಟ್ರಿಪ್ ಮಾಡಿದವರು ಹೇಳಿ: ಪೆಟ್ಟಿಗೆಯನ್ನು ಜೊಹಾನ್ಸ್‌ಬರ್ಗ್‌ನಲ್ಲೇ ಬಿಟ್ಟು, ದೊಡ್ಡ ಲೆನ್ಸನ್ನು ಮೆತ್ತನೆ ಬ್ಯಾಗಿನಲ್ಲಿ ತೊಡೆಮೇಲೆ ಇಟ್ಟುಕೊಳ್ಳಲು ಬಿಡುತ್ತಾರಾ, ಅಥವಾ ಸೀಟ್ ತಗೊಳ್ಳಲೇಬೇಕಾ?