ಅಪ್‌ಡೇಟ್: ಕಮ್ಯುನಿಕೇಶನ್ಸ್‌ನ ಹೊಸ ಸಹೋದ್ಯೋಗಿ ಜೊತೆ ಮಾತು ಶುರುವಾಯ್ತು

ನಮ್ಮ ಟೀಮಿಗೆ ಸ್ಟ್ರಾಟೆಜಿಕ್ ಕಮ್ಯುನಿಕೇಶನ್ಸ್ (ಸಂಸ್ಥೆ ಯಾರಿಗೆ, ಯಾವಾಗ, ಏನು ಹೇಳಬೇಕು ಅಂತ ಯೋಜಿಸುವ ಕೆಲಸ) ನೋಡಿಕೊಳ್ಳಲು ಹೊಸಬರೊಬ್ಬರು ಬಂದಿದ್ದಾರೆ, ಪರಿಚಯ ಹೇಗೆ ಮಾಡಿಕೊಳ್ಳಲಿ ಅಂತ ಕೇಳಿದ್ದೆ. ಉತ್ತರಿಸಿದ ಎಲ್ಲರಿಗೂ ಥ್ಯಾಂಕ್ಸ್.

ಎಲ್ಲರೂ ಸೇರಿ ಊಟಕ್ಕೆ ಹೋಗುವ ಸಲಹೆ ಫಲ ಕೊಡಲಿಲ್ಲ. ನಮ್ಮವರು ಹಳೇ ಪ್ರಾಜೆಕ್ಟ್‌ಗಳ ಮಾತಿನಲ್ಲೇ ಮುಳುಗಿದರು, ಹೊಸಬರು ಸುಮ್ನೆ ಕೂತಿದ್ದರು.

‘ಅವರ ಕೆಲಸದ ಬಗ್ಗೆಯೇ ಕೇಳಿ’ ಅಂದವರ ಮಾತು ನಿಜವಾಯ್ತು. ನನ್ನ ಪ್ರಕಟಣೆಯ ಕರಡು ತೋರಿಸಿ, ನೀವಾದರೆ ಎಲ್ಲಿಂದ ಶುರು ಮಾಡ್ತೀರಿ ಎಂದೆ. ಅವರು ಒಂದು ವಾಕ್ಯವನ್ನೂ ತಿದ್ದಲಿಲ್ಲ. ‘ಇದನ್ನು ಯಾರು ಓದಬೇಕು? ಓದಿದ ಮೇಲೆ ಏನು ಮಾಡಬೇಕು?’ ಎಂದು ಕೇಳಿದರು. ಅಲ್ಲಿಂದ ಮಾತು ನಿಲ್ಲಲೇ ಇಲ್ಲ.

ಅವರ ಕೆಲಸದಲ್ಲಿ ಬರೆಯುವುದಕ್ಕಿಂತ ಕೇಳಿಸಿಕೊಳ್ಳುವುದೇ ಜಾಸ್ತಿಯಂತೆ. ಗ್ರಾಹಕರು ಏನು ಕೇಳ್ತಾರೆ, ಸಿಬ್ಬಂದಿಗೆ ಯಾವ ಭಯ ಇದೆ, ಇದೆಲ್ಲ ಮೊದಲು ತಿಳಿಯಬೇಕು. ಕೆಟ್ಟ ಸುದ್ದಿ ಇದ್ದರೆ, ಹೊರಗಿನವರಿಗಿಂತ ಮೊದಲು ಒಳಗಿನವರಿಗೆ ತಿಳಿಸಬೇಕು. ಬರಬಹುದಾದ ಪ್ರಶ್ನೆಗಳಿಗೆ ಉತ್ತರವನ್ನೂ ಮುಂಚೆಯೇ ಸಿದ್ಧ ಮಾಡಿಡುತ್ತಾರೆ. ಎಷ್ಟು ಕಾಳಜಿಯ ಕೆಲಸ ಅಲ್ವಾ?

ಇದೇ ತೊಂದರೆ ಇರುವವರು ಸಣ್ಣದೊಂದು ನಿಜವಾದ ಕೆಲಸ ಹಿಡಿದು ಹೋಗಿ. ಈಗ ಅವರೇ ನನ್ನ ಬಳಿ ಬಂದು, ಗ್ರಾಹಕರ ದೂರುಗಳ ಬಗ್ಗೆ ವಿಚಾರಿಸ್ತಾರೆ.