ಅಂಬಾಸಿಡರ್ ಮಾರ್ಕ್ 2: ಏರಿನಲ್ಲಿ ಕಾರ್ಬುರೇಟರ್ ಕೆಮ್ಮುತ್ತೆ, ಪಿಕಪ್ ಇಲ್ಲ

ಮಾರ್ಕ್2_ತುಮಕೂರು:
1972ರ ಅಂಬಾಸಿಡರ್, 1489 ಸಿಸಿ ಪೆಟ್ರೋಲ್, ಎಸ್‌ಯು ಕಾರ್ಬುರೇಟರ್. ಬೆಳಿಗ್ಗೆ ಅರ್ಧ ಸೆಲ್ಫ್‌ಗೇ ಸ್ಟಾರ್ಟ್ ಆಗುತ್ತೆ, ಐಡ್ಲಿಂಗ್ ಚೆನ್ನಾಗಿದೆ. ಆದರೆ 15-20 ನಿಮಿಷ ಓಡಿದ ಮೇಲೆ ಏರು ಸಿಕ್ಕರೆ ಟಾಪ್ ಗೇರಿನಲ್ಲಿ ಎಳೆಯಲ್ಲ. ಆಕ್ಸಿಲರೇಟರ್ ಒತ್ತಿದಷ್ಟೂ ಬಾನೆಟ್ ಒಳಗೆ ಫಟ್ ಫಟ್. ಇಳಿಜಾರಲ್ಲಿ ಕಾಲು ತೆಗೆದರೆ ಸೈಲೆನ್ಸರಿನಲ್ಲೂ ಒಂದೆರಡು ಪಟಾಕಿ. ಸ್ಪಾರ್ಕ್ ಕೊಡುವ ಪ್ಲಗ್, ಪಾಯಿಂಟ್, ಕಂಡೆನ್ಸರ್ ಎಲ್ಲ ಹೊಸವು. ಪ್ಲಗ್ ತುದಿ ಬೆಳ್ಳಗಿದೆ. ಕಾರ್ಬುರೇಟರ್ ಬದಲಿಸಿ ಅಂತಿದ್ದಾರೆ. ಬದಲಿಸಲೇ?

ಹಳೇಗಾಡಿ:
ಬೇಡ, ಇನ್ನೂ ಕಾರ್ಬುರೇಟರಿಗೆ ಕೈ ಹಾಕಬೇಡಿ. ನಿಮ್ಮ ಎರಡು ಸದ್ದೂ ಒಂದೇ ಕಾಯಿಲೆಯದಲ್ಲ. ಕಾರ್ಬುರೇಟರಿನಿಂದ ಹಿಂದಕ್ಕೆ ಕೆಮ್ಮುವುದು ಎಂದರೆ ಇನ್‌ಲೆಟ್ ವಾಲ್ವ್ ತೆರೆಯುವ ಹೊತ್ತಿಗೂ ಸಿಲಿಂಡರಿನೊಳಗೆ ಬೆಂಕಿ ಆರಿರುವುದಿಲ್ಲ. ಪೆಟ್ರೋಲ್ ಕಡಿಮೆ, ಗಾಳಿ ಜಾಸ್ತಿ ಇದ್ದರೆ ಮಿಶ್ರಣ ನಿಧಾನವಾಗಿ ಉರಿಯುತ್ತೆ, ಆಗ ಹೀಗಾಗುತ್ತೆ. ಬಿಳಿ ಪ್ಲಗ್ಗೂ ಅದನ್ನೇ ಹೇಳುತ್ತಿದೆ. ಸೈಲೆನ್ಸರ್ ಪಟಾಕಿ ಬಹುಮಟ್ಟಿಗೆ ಎಕ್ಸಾಸ್ಟ್ ಮ್ಯಾನಿಫೋಲ್ಡ್ ಕೆಳಗಿನ ಪೈಪ್ ಜಾಯಿಂಟ್ ಗಾಳಿ ಎಳೆಯುವುದರಿಂದ. ಅದನ್ನು ಕೊನೆಗೆ ನೋಡಿದರಾಯಿತು.

ಖರ್ಚಿಲ್ಲದ ಪರೀಕ್ಷೆ ಒಂದಿದೆ. ಅದೇ ಏರಿನಲ್ಲಿ ಫಟ್ ಫಟ್ ಶುರುವಾದಾಗ ಪೆಟ್ರೋಲ್ ಪಾಲು ಹೆಚ್ಚಿಸುವ ಚೋಕ್ ಅರ್ಧ ಇಂಚು ಎಳೆಯಿರಿ. ಕೆಮ್ಮು ನಿಂತು ಗಾಡಿ ಎಳೆದರೆ ಪೆಟ್ರೋಲ್ ಸಾಲುತ್ತಿಲ್ಲ ಅಂತ. ಏನೂ ವ್ಯತ್ಯಾಸವಾಗದಿದ್ದರೆ ಕರೆಂಟ್ ಅಥವಾ ವಾಲ್ವ್ ಕಡೆ ಹೋಗಿ. ಇನ್ನೊಂದು ಸಲ ಟ್ಯಾಂಕ್ ಮುಚ್ಚಳ ಸಡಿಲ ಬಿಟ್ಟು ಓಡಿಸಿ. ಮುಚ್ಚಳದ ಗಾಳಿ ತೂತು ಕಟ್ಟಿದ್ದರೂ 20 ನಿಮಿಷದ ಮೇಲೆ ಹೀಗೇ ಕಾಡುತ್ತೆ.

ಡೆಲ್ಕೊ_ಪಂಡಿತ:
‘ಹೊಸ ಕಂಡೆನ್ಸರ್’ ಅಂದಾಕ್ಷಣ ನಂಬಬೇಡಿ. ಈಗ ಸಿಗುವ ಕಂಡೆನ್ಸರುಗಳು ತಣ್ಣಗಿದ್ದಾಗ ಸರಿ, ಬಿಸಿಯಾದರೆ ಸೋರುತ್ತವೆ. ಗಾಡಿ ಕೆಮ್ಮುತ್ತಿರುವಾಗಲೇ ನಿಲ್ಲಿಸಿ ಸ್ಪಾರ್ಕ್ ನೋಡಿ. ನೀಲಿ, ಚಟ್ ಎನ್ನುವ ಸ್ಪಾರ್ಕ್ ಬೇಕು. ಸಣಕಲು, ಕಿತ್ತಳೆ ಬಣ್ಣದ್ದಾಗಿದ್ದು ಪಾಯಿಂಟ್ ಬಾಯಲ್ಲೂ ಕಿಡಿ ಹಾರುತ್ತಿದ್ದರೆ ಕಂಡೆನ್ಸರ್ ಕಥೆ ಮುಗಿದಿದೆ. ಹಳೆಯದನ್ನು ಎಸೆದಿಲ್ಲ ತಾನೇ? ಅದನ್ನೇ ಹಾಕಿ ನೋಡಿ.

ಪಾಯಿಂಟ್ ಗ್ಯಾಪ್ 0.35ರಿಂದ 0.40 ಮಿ.ಮೀ., ಪ್ಲಗ್ ಗ್ಯಾಪ್ 0.64 ಮಿ.ಮೀ. ಪ್ಲಗ್‌ಗಳಿಗೆ ಕರೆಂಟ್ ಹಂಚುವ ಡೆಲ್ಕೊದ (ಡಿಸ್ಟ್ರಿಬ್ಯೂಟರ್) ಶಾಫ್ಟ್ ಅಲ್ಲಾಡುತ್ತಿದ್ದರೆ ಗ್ಯಾಪ್ ಎಷ್ಟು ಸಲ ಇಟ್ಟರೂ ನಿಲ್ಲಲ್ಲ, ಬೆರಳಲ್ಲಿ ಪಕ್ಕಕ್ಕೆ ದೂಡಿ ನೋಡಿ.

ಬಹಳ ಜನ ತಪ್ಪಿಸಿಕೊಳ್ಳುವುದು ಡೆಲ್ಕೊ ಒಳಗಿನ ಗಿಡ್ಡ ವೈರನ್ನು. ಇಂಜಿನ್ನಿನ ವ್ಯಾಕ್ಯೂಮ್ ಪಾಯಿಂಟ್ ಕೂತ ಪ್ಲೇಟನ್ನು ಎಳೆದು ಬಿಟ್ಟು ಮಾಡಿದಾಗಲೆಲ್ಲ ಅದು ಮಡಚಿಕೊಳ್ಳುತ್ತೆ. ಮೇಲಿನ ಕವಚ ಹಾಗೇ ಇರುತ್ತೆ, ಒಳಗೆ ತಂತಿ ತುಂಡಾಗಿರುತ್ತೆ. ಐಡ್ಲಿಂಗಿನಲ್ಲಿ ಮುಟ್ಟಿಕೊಂಡಿರುತ್ತೆ, ಪ್ಲೇಟ್ ತಿರುಗಿದಾಗ ಬಿಡುತ್ತೆ. ವ್ಯಾಕ್ಯೂಮ್ ಪೈಪ್ ಕಳಚಿ, ಕಾರ್ಬುರೇಟರ್ ಕಡೆಯ ತೂತು ಮುಚ್ಚಿ ಓಡಿಸಿ. ಮಿಸ್ಸಿಂಗ್ (ಸ್ಪಾರ್ಕ್ ತಪ್ಪುವುದು) ಮಾಯವಾದರೆ ಆ ವೈರೇ ಕಳ್ಳ.

ಮಾರ್ಕ್2_ತುಮಕೂರು:
ಎಲ್ಲ ಮಾಡಿದೆ. ಚೋಕ್ ಎಳೆದ ಕೂಡಲೇ ಮುಕ್ಕಾಲು ಪಾಲು ಕೆಮ್ಮು ನಿಂತಿತು, ಎಳೆತ ಮಾತ್ರ ಪೂರ್ತಿ ಬರಲಿಲ್ಲ. ಮುಚ್ಚಳ ಸಡಿಲ ಬಿಟ್ಟರೂ ಅಷ್ಟೇ. ಬಿಸಿಯಲ್ಲೂ ಸ್ಪಾರ್ಕ್ ನೀಲಿ. ವ್ಯಾಕ್ಯೂಮ್ ಪೈಪ್ ಕಳಚಿದ್ದರಿಂದ ವ್ಯತ್ಯಾಸವಿಲ್ಲ.

ಹಳೇಗಾಡಿ:
ಹಾಗಾದರೆ ಪೆಟ್ರೋಲ್ ದಾರಿ ಹಿಡಿಯಿರಿ. ಕಾಯಿಲ್‌ನ ಸಣ್ಣ ವೈರ್ ಕಳಚಿ, ಕಾರ್ಬುರೇಟರಿಗೆ ಬರುವ ಪೈಪನ್ನು ಪಾರದರ್ಶಕ ಬಾಟಲಿಗೆ ಬಿಟ್ಟು ಸೆಲ್ಫ್ ಹೊಡೆಯಿರಿ. ಇಂಜಿನ್ ಬಿಸಿ ಇದ್ದರೆ ಬಾಟಲಿಯನ್ನು ಎಕ್ಸಾಸ್ಟಿನಿಂದ ದೂರ ಹಿಡಿಯಿರಿ. ಇಂಜಿನ್ನಿನ ಎರಡು ಸುತ್ತಿಗೊಮ್ಮೆ ಪಿಚಕಾರಿಯಂತೆ ಚಿಮ್ಮಬೇಕು. ಗುಳ್ಳೆ ಗುಳ್ಳೆಯಾಗಿ ಬಂದರೆ ಟ್ಯಾಂಕಿನಿಂದ ಪಂಪಿನವರೆಗೆ ಎಲ್ಲೋ ಗಾಳಿ ಎಳೆಯುತ್ತಿದೆ. ಗುಳ್ಳೆಯಿಲ್ಲದೆ ಸೊರಗಿ ಬಂದರೆ ಪಂಪ್ ಡಯಾಫ್ರಮ್, ವಾಲ್ವ್ ಇಲ್ಲವೇ ಫಿಲ್ಟರ್.

ಬಂಕಿನಲ್ಲಿ ಈಗ ಹಾಕುವುದು 20% ಎಥನಾಲ್ ಸೇರಿದ ಪೆಟ್ರೋಲ್ (ಇ20). ಹಳೇ ರಬ್ಬರ್ ಹೋಸು ಅದರಲ್ಲಿ ಉಬ್ಬಿ ಒಳಗೋಡೆ ಸುಲಿಯುತ್ತೆ. ಹೊರಗೆ ಮುಟ್ಟಿದರೆ ಗಟ್ಟಿ, ಒಳಗೆ ಸಿಪ್ಪೆ ಜೋತಾಡುತ್ತಿರುತ್ತೆ. ಐಡ್ಲಿಂಗಿಗೆ ಬೇಕಾದಷ್ಟು ಹರಿಯುತ್ತೆ, ಏರಿನಲ್ಲಿ ಪಂಪ್ ಜೋರಾಗಿ ಎಳೆದಾಗ ಸಿಪ್ಪೆ ಬಾಗಿಲಿನಂತೆ ಮುಚ್ಚಿಕೊಳ್ಳುತ್ತೆ.

ಇನ್ನೊಂದು ಲೆಕ್ಕವೂ ಇದೆ. ಬರೀ ಪೆಟ್ರೋಲ್ ಒಂದು ಪಾಲಿಗೆ ತೂಕದಲ್ಲಿ 14.7 ಪಾಲು ಗಾಳಿ ಬೇಕು, ಇ20ಗೆ ಸುಮಾರು 13.5 ಸಾಕು. ಅಂದರೆ ಅದೇ ಜೆಟ್, ಅದೇ ಸೆಟ್ಟಿಂಗಿನಲ್ಲಿ ಮಿಶ್ರಣ ತಾನಾಗಿಯೇ ತೆಳುವಾಗುತ್ತೆ. ಹೋಸ್ ಸರಿಮಾಡಿದ ಮೇಲೆ ಕಾರ್ಬುರೇಟರ್ ಮೇಲಿನ ಡ್ಯಾಶ್‌ಪಾಟ್ ಡಬ್ಬಿಯ ಎಣ್ಣೆ ನೋಡಿ. ಬತ್ತಿದ್ದರೆ ಆಕ್ಸಿಲರೇಟರ್ ಒತ್ತಿದಾಗ ಅದರೊಳಗಿನ ಪಿಸ್ಟನ್ ಒಮ್ಮೆಗೇ ಹಾರಿ ಗಾಳಿ ಜಾಸ್ತಿ ನುಗ್ಗುತ್ತೆ. ಆಮೇಲೆ ಬಿಸಿ ಇಂಜಿನ್ ಐಡ್ಲಿಂಗಿನಲ್ಲಿ ಅದೇ ಪಿಸ್ಟನನ್ನು 1 ಮಿ.ಮೀ.ಗಿಂತ ಕೊಂಚ ಕಡಿಮೆ ಎತ್ತಿ. ಸ್ಪೀಡ್ ಕ್ಷಣ ಏರಿ ಇಳಿದರೆ ಸರಿ, ಏರಿಯೇ ನಿಂತರೆ ಪೆಟ್ರೋಲ್ ಜಾಸ್ತಿ, ಆಫ್ ಆಗುವಂತಾದರೆ ಕಡಿಮೆ. ಕಡಿಮೆಯಿದ್ದರೆ ಜೆಟ್ ನಟ್ಟನ್ನು ಒಂದೊಂದೇ ಮುಖದಷ್ಟು ಕೆಳಕ್ಕೆ ತಿರುಗಿಸಿ.

ಟ್ಯಾಪೆಟ್:
ಚೋಕ್ ಎಳೆದರೂ ಎಳೆತ ಪೂರ್ತಿ ಬರಲಿಲ್ಲ ಅಂದಿರಲ್ಲ, ನನ್ನ ಕಣ್ಣು ಅಲ್ಲಿದೆ. ಟ್ಯಾಪೆಟ್, ಅಂದರೆ ವಾಲ್ವ್ ತುದಿಗೂ ಅದನ್ನು ಒತ್ತುವ ರಾಕರಿಗೂ ನಡುವಿನ ಸಂದು, ಯಾರೂ ನೋಡಿಲ್ಲ. ಗ್ಯಾಪ್ 0.38 ಮಿ.ಮೀ., ಇಂಚಿನಲ್ಲಿ 0.015. ಒಂಬತ್ತರ ಲೆಕ್ಕ ಇಟ್ಟುಕೊಳ್ಳಿ: 8ನೇ ವಾಲ್ವ್ ಪೂರ್ತಿ ಒತ್ತಿದ್ದಾಗ 1ನೆಯದರ ಗ್ಯಾಪ್ ಅಳೆಯಿರಿ, 6 ಒತ್ತಿದ್ದಾಗ 3ರದು, ಹೀಗೆ ಎರಡೂ ಸೇರಿ ಒಂಬತ್ತು. 1, 4, 5, 8 ಎಕ್ಸಾಸ್ಟ್. ಟ್ಯಾಪೆಟ್ ಸದ್ದು ಮಾಡುತ್ತಿಲ್ಲ ಎಂದು ಖುಷಿಪಡಬೇಡಿ, ಈ ಇಂಜಿನ್ನಿನಲ್ಲಿ ಮೌನವೇ ಕೆಟ್ಟ ಲಕ್ಷಣ.

ಮಾರ್ಕ್2_ತುಮಕೂರು:
ಬಾಟಲಿಯಲ್ಲಿ ಬರೀ ಗುಳ್ಳೆ. ಪಂಪಿಗೆ ಬರುವ ಗಿಡ್ಡ ಹೋಸ್ ಸೀಳಿದರೆ ಒಳಗೆ ಕೊಳೆತ ಬಾಳೆಸಿಪ್ಪೆಯಂತಿತ್ತು, ಕ್ಲಿಪ್ ಹತ್ತಿರ ಬಿರುಕೂ ಇತ್ತು. ಬದಲಿಸಿದೆ, ಕಾರ್ಬುರೇಟರ್ ಕೆಮ್ಮು ನಿಂತಿತು. ಟ್ಯಾಪೆಟ್ ನೋಡಿದರೆ 4 ಮತ್ತು 5ರಲ್ಲಿ 0.20 ಮಿ.ಮೀ. ಮಾತ್ರ!

ಟ್ಯಾಪೆಟ್:
ಊಹಿಸಿದ್ದೆ. ಆ ಕಾಲದ ಹೆಡ್ಡಿನಲ್ಲಿ ವಾಲ್ವ್ ಸೀಟು ಬೇರೆ ಇಲ್ಲ, ಬೀಡು ಕಬ್ಬಿಣವನ್ನೇ ಕಡೆದದ್ದು. ಪೆಟ್ರೋಲಿನ ಸೀಸ ಅದನ್ನು ಕಾಯುತ್ತಿತ್ತು, ನಮ್ಮಲ್ಲಿ 2000ರಲ್ಲಿ ಸೀಸ ಹೋಯಿತು. ಈಗ ಎಕ್ಸಾಸ್ಟ್ ಸೀಟು ಸವೆದು ವಾಲ್ವ್ ಹೆಡ್ಡಿನೊಳಕ್ಕೆ ಕೂರುತ್ತೆ, ಗ್ಯಾಪ್ ಕಿರಿದಾಗುತ್ತಾ ಹೋಗುತ್ತೆ. ಕೊನೆಗೆ ಬಿಸಿಯಲ್ಲಿ ವಾಲ್ವ್ ಪೂರ್ತಿ ಮುಚ್ಚದೆ ಅಂಚು ಸುಡುತ್ತೆ.

4, 5 ಎಂದರೆ 2 ಮತ್ತು 3ನೇ ಸಿಲಿಂಡರ್. ಗ್ಯಾಪ್ ಸರಿಮಾಡಿ ಕಂಪ್ರೆಷನ್ (ಸಿಲಿಂಡರಿನೊಳಗಿನ ಒತ್ತಡ) ನೋಡಿ: ನಾಲ್ಕೂ ಪ್ಲಗ್ ಬಿಚ್ಚಿ, ಆಕ್ಸಿಲರೇಟರ್ ಪೂರ್ತಿ ಒತ್ತಿ ಸೆಲ್ಫ್ ಹೊಡೆಯಿರಿ. ಇವೆರಡು ಮಾತ್ರ ಬಹಳ ಇಳಿದಿದ್ದರೆ ಒಂದು ಚಮಚ ಇಂಜಿನ್ ಆಯಿಲ್ ಹಾಕಿ ಮತ್ತೆ ನೋಡಿ. ಏರಿದರೆ ರಿಂಗು. ಏರದಿದ್ದರೆ ವಾಲ್ವ್, ಇಲ್ಲವೇ ಎರಡರ ನಡುವಿನ ಹೆಡ್ ಗ್ಯಾಸ್ಕೆಟ್. ನಾಲ್ಕೂ ಸಮ ಬಂದರೆ ಹೆಡ್ ಮುಟ್ಟಬೇಡಿ, 1000 ಕಿ.ಮೀ. ಓಡಿಸಿ ಗ್ಯಾಪ್ ಮತ್ತೆ ಅಳೆಯಿರಿ. ಆಗಲೂ ಕಿರಿದಾಗಿದ್ದರೆ ಹೆಡ್ಡನ್ನು ಲೇತಿಗೆ ಕೊಟ್ಟು ನಾಲ್ಕು ಎಕ್ಸಾಸ್ಟಿಗೂ ಗಟ್ಟಿ ಸೀಟ್ ಕೂರಿಸಿ. ಬರೀ ಗ್ರೈಂಡಿಂಗ್ ಮಾಡಿಸಿದರೆ ಸೀಟು ಮತ್ತೂ ಆಳಕ್ಕೆ ಹೋಗುತ್ತೆ.